ಅಮ್ಮನ ಚರ್ಮದ ರಿಪೋರ್ಟಿನಲ್ಲಿ ‘ಸಿಡಿ4 ಪಾಸಿಟಿವ್’ ಅಂತಿದೆ. ಕೀಲುನೋವಿಗೂ ಇದಕ್ಕೂ ಸಂಬಂಧ ಇದೆಯಾ?

ಗವಿಪುರದ ಮಗಳು (ಸೋಮವಾರ, ರಾತ್ರಿ 10:40)

ಎಲ್ಲರಿಗೂ ನಮಸ್ಕಾರ. ಇಲ್ಲಿ ತುಂಬಾ ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಮೊದಲ ಸಲ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಅಮ್ಮನಿಗೆ 58. ಮೊಣಕೈ ಮೇಲೆ, ಕೂದಲಿನ ಅಂಚಿನಲ್ಲಿ ಬಿಳಿ ಹೊಟ್ಟು ಏಳುವ ಕೆಂಪು ಮಚ್ಚೆಗಳು ಹನ್ನೆರಡು ವರ್ಷದಿಂದ ಇವೆ. ಒಣ ಚರ್ಮ ಅಂತ ಕೊಬ್ಬರಿ ಎಣ್ಣೆ ಹಚ್ಚಿಕೊಂಡೇ ಕಾಲ ತಳ್ಳಿದರು. ಕಳೆದ ಕಾರ್ತಿಕದಲ್ಲಿ ಕಡಲೆಕಾಯಿ ಪರಿಷೆಯಿಂದ ಎರಡು ಸೇರು ಕಾಯಿ ತಂದಿದ್ದೆವು. ಪ್ರತಿ ವರ್ಷ ಟಿವಿ ಮುಂದೆ ಕೂತು ಒಬ್ಬರೇ ಸುಲಿದು ಮುಗಿಸುವವರು, ಈ ಸಲ ಹತ್ತು ಕಾಯಿ ಒಡೆಯುವಷ್ಟರಲ್ಲಿ ಕೈ ಕೆಳಗಿಟ್ಟರು. ಬಲಗೈ ಉಂಗುರದ ಬೆರಳು ಬುಡದಿಂದ ತುದಿವರೆಗೂ ಊದಿ ಏಲಕ್ಕಿ ಬಾಳೆಹಣ್ಣಿನ ಹಾಗಿತ್ತು. ಅಕ್ಕಸಾಲಿಗರ ಅಂಗಡಿಗೆ ಹೋಗಿ ಉಂಗುರ ಕತ್ತರಿಸಿ ತೆಗೆಸಿದೆವು.

ಮನೆ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಆರ್‌ಎ ಫ್ಯಾಕ್ಟರ್ ಅಂತ ರುಮಟಾಯ್ಡ್ ಆರ್ಥರೈಟಿಸ್‌ಗೆ ನೋಡುವ ರಕ್ತ ಪರೀಕ್ಷೆ ಮಾಡಿಸಿದರು. ನೆಗೆಟಿವ್. ‘ವಾತ ಇಲ್ಲ, ವಯಸ್ಸಿನ ನೋವು’ ಅಂದು ನೋವಿನ ಮಾತ್ರೆ ಕೊಟ್ಟರು. ಆರು ತಿಂಗಳು ಹಾಗೇ ಹೋಯಿತು.

ಈಗ ಸೊಂಟದ ಹತ್ತಿರ ಹೊಸ ಮಚ್ಚೆ ಬಂತು. ಇದು ಬೇರೆ ಥರ ಕಾಣುತ್ತಿದೆ ಅಂತ ಚರ್ಮದ ಡಾಕ್ಟರು ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ರಿಪೋರ್ಟ್ ಇವತ್ತು ಬಂತು. ಸಿಡಿ3 ಪಾಸಿಟಿವ್, ಸಿಡಿ4 ಪಾಸಿಟಿವ್, ಸಿಡಿ8 ಪಾಸಿಟಿವ್, ಸಿಡಿ20 ಅಲ್ಲಲ್ಲಿ ಪಾಸಿಟಿವ್ ಅಂತಿದೆ. ನಮ್ಮ ಮಾವ ಫೋಟೋ ನೋಡಿ ಫೋನ್ ಮಾಡಿದರು. ‘ಸಿಡಿ4 ಅಂದರೆ ಎಚ್‌ಐವಿ ಟೆಸ್ಟ್ ಅಲ್ವಾ?’ ಅಂದರು. ಸ್ಪೀಕರ್ ಹಾಕಿತ್ತು, ಅಮ್ಮ ಕೇಳಿಸಿಕೊಂಡರು. ರಾತ್ರಿ ಊಟಕ್ಕೆ ಕರೆಯಲು ಹೋದರೆ, ತಮ್ಮ ತಟ್ಟೆ ಲೋಟ ತೊಳೆದು ಕಿಟಕಿ ಪಕ್ಕ ಬೇರೆ ಇಟ್ಟುಕೊಂಡಿದ್ದಾರೆ.

ಡಾಕ್ಟರ್ ಅಪಾಯಿಂಟ್‌ಮೆಂಟ್ ಗುರುವಾರ. ಅಲ್ಲಿವರೆಗೆ ಅಮ್ಮನಿಗೆ ಏನು ಹೇಳಲಿ?

ಮೇಣದ ಬ್ಲಾಕ್ (ಸೋಮವಾರ, ರಾತ್ರಿ 11:15)

ಮೊದಲು ಅಮ್ಮನ ತಟ್ಟೆ ಲೋಟ ವಾಪಸ್ ಜಾಗಕ್ಕೆ ಇಡಿ. ಎಚ್‌ಐವಿ ಇದ್ದವರ ತಟ್ಟೆಯಲ್ಲಿ ಉಂಡರೂ ಅದು ಬರುವುದಿಲ್ಲ. ಆ ಮಾತು ಹಾಗಿರಲಿ, ಈ ರಿಪೋರ್ಟು ಎಚ್‌ಐವಿ ಟೆಸ್ಟೇ ಅಲ್ಲ.

ನಾನು ಹದಿನಾಲ್ಕು ವರ್ಷದಿಂದ ಬಯಾಪ್ಸಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಇಂಥ ಸ್ಲೈಡ್ ದಿನವೂ ಮಾಡುತ್ತೇನೆ. ಏನು ನಡೆಯುತ್ತದೆ ಅಂತ ಹೇಳುತ್ತೇನೆ, ಭಯ ತಾನಾಗಿ ಇಳಿಯುತ್ತದೆ.

ಪೆನ್ಸಿಲ್ ಅಗಲದ ಚರ್ಮದ ಚೂರು ಫಾರ್ಮಲಿನ್ ಬಾಟಲಿಯಲ್ಲಿ ನಮಗೆ ಬರುತ್ತದೆ. ಅದರ ನೀರಿನಂಶ ತೆಗೆದು ಕರಗಿದ ಮೇಣದಲ್ಲಿ ಕೂರಿಸುತ್ತೇವೆ. ಗಟ್ಟಿಯಾದ ಮೇಲೆ ಮೈಕ್ರೋಟೋಮ್ ಎಂಬ ಯಂತ್ರದಲ್ಲಿ ಹೆರೆಯುತ್ತೇವೆ. ಒಂದೊಂದು ಪದರ ಮೂರು ನಾಲ್ಕು ಮೈಕ್ರಾನ್, ಅಂದರೆ ಕೂದಲಿಗಿಂತ ಎಷ್ಟೋ ತೆಳು. ಬಿಸಿನೀರಿನ ಮೇಲೆ ತೇಲಿಬಿಟ್ಟರೆ ಸುಕ್ಕು ಬಿಡಿಸಿಕೊಳ್ಳುತ್ತದೆ, ಆಗ ಗಾಜಿನ ಮೇಲೆ ಎತ್ತಿಕೊಳ್ಳುತ್ತೇವೆ. ಆಮೇಲೆ ಕುಕ್ಕರ್. ಹೌದು, ಪ್ರೆಶರ್ ಕುಕ್ಕರ್. ಫಾರ್ಮಲಿನ್‌ನಿಂದ ಕಣದ ಮೇಲಿನ ಗುರುತುಗಳು ಮುಚ್ಚಿಹೋಗಿರುತ್ತವೆ, ಬಿಸಿಗೆ ಮತ್ತೆ ತೆರೆದುಕೊಳ್ಳುತ್ತವೆ.

ಸಿಡಿ4 ಸ್ಲೈಡಿಗೆ ಸಿಡಿ4 ಅನ್ನು ಮಾತ್ರ ಹಿಡಿಯುವ ಆಂಟಿಬಾಡಿ ಹಾಕುತ್ತೇವೆ. ಅದು ಎಲ್ಲಿ ಅಂಟಿತೋ ಅಲ್ಲಿ ಕಂದು ಬಣ್ಣ ಹತ್ತುತ್ತದೆ, ಉಳಿದ ಕಣ ನೀಲಿ. ಅಷ್ಟೇ. ಈ ರಿಪೋರ್ಟಿನಲ್ಲಿ ಪಾಸಿಟಿವ್ ಅಂದರೆ ಬಣ್ಣ ಹತ್ತಿತು ಅಂತ ಅರ್ಥ. ರೋಗ ಇದೆ ಅಂತಲ್ಲ. ಸಿಡಿ4 ಇರುವ ಬಿಳಿ ರಕ್ತಕಣ ನಿಮ್ಮಲ್ಲೂ ಇದೆ, ನನ್ನಲ್ಲೂ ಇದೆ. ಎಚ್‌ಐವಿ ಆ ಕಣಗಳನ್ನು ಕೊಲ್ಲುತ್ತದೆ, ಅದಕ್ಕೇ ಆ ರೋಗ ಇರುವವರ ರಕ್ತದಲ್ಲಿ ಎಷ್ಟು ಉಳಿದಿವೆ ಅಂತ ಎಣಿಸುತ್ತಾರೆ. ಇಲ್ಲಿ ಎಣಿಸಿದ್ದು ಅದಲ್ಲ.

ನಿಮ್ಮ ಮಾವನ ಮೇಲೆ ಕೋಪ ಮಾಡಿಕೊಳ್ಳಬೇಡಿ. ನಮ್ಮ ಕೌಂಟರಿನಲ್ಲೂ ಎಷ್ಟೋ ಜನ ಇದೇ ಪ್ರಶ್ನೆ ಕೇಳಿ ಕಣ್ಣೀರು ಹಾಕಿದ್ದಾರೆ. ರಿಪೋರ್ಟಿನ ಕೊನೆಯ ಸಾಲು ಏನಿದೆ ನೋಡಿ ಹೇಳಿ. ಎಲ್ಲರೂ ಮೊದಲ ಪುಟದಲ್ಲೇ ನಿಂತುಬಿಡುತ್ತಾರೆ.

ಗವಿಪುರದ ಮಗಳು (ಸೋಮವಾರ, ರಾತ್ರಿ 11:32)

ಎರಡನೇ ಪುಟ ಇದೆ ಅಂತಲೇ ನೋಡಿರಲಿಲ್ಲ. ‘ಸೋರಿಯಾಸಿಸ್‌ಗೆ ಹೊಂದುತ್ತದೆ. ಟಿ ಕಣದ ಲಿಂಫೋಮಾ ಇರುವ ಸೂಚನೆ ಕಂಡಿಲ್ಲ’ ಅಂತಿದೆ. ಲಿಂಫೋಮಾ ಅಂದರೆ ಕ್ಯಾನ್ಸರ್ ಅಲ್ವಾ? ಅದನ್ನು ಯಾಕೆ ಹುಡುಕಿದರು?

ಮೇಣದ ಬ್ಲಾಕ್ (ಸೋಮವಾರ, ರಾತ್ರಿ 11:50)

ಒಳ್ಳೆಯ ಸಾಲು ಅದು, ಅಮ್ಮನಿಗೆ ಈಗಲೇ ಓದಿ ಹೇಳಿ.

ಹುಡುಕಿದ್ದು ಡಾಕ್ಟರ ಜಾಣತನ. ಸೋರಿಯಾಸಿಸ್ ಅಂತ ಗೊತ್ತಿದ್ದರೆ ಸಾಮಾನ್ಯವಾಗಿ ಸಿಡಿ ಬಣ್ಣ ಹಾಕಿಸುವುದಿಲ್ಲ, ಕಣ್ಣಲ್ಲಿ ನೋಡಿದರೇ ಸಾಕು. ಆದರೆ ಮೈಕೋಸಿಸ್ ಫಂಗಾಯ್ಡಿಸ್ ಅಂತ ಒಂದು ಚರ್ಮದ ಲಿಂಫೋಮಾ ಇದೆ. ಅದೂ ಸೊಂಟ, ಪೃಷ್ಠದ ಕಡೆ ಹೊಟ್ಟಿನ ಮಚ್ಚೆಯಾಗಿಯೇ ಶುರುವಾಗುತ್ತದೆ. ಅದರಲ್ಲಿ ಚರ್ಮದ ಮೇಲ್ಪದರಕ್ಕೆ ನುಗ್ಗುವುದು ಹೆಚ್ಚಾಗಿ ಸಿಡಿ4 ಕಣ, ಸಿಡಿ7 ಎಂಬ ಗುರುತು ಕಳೆದುಹೋಗಿರುತ್ತದೆ. ಸೋರಿಯಾಸಿಸ್‌ನಲ್ಲಿ ಮೇಲ್ಪದರದ ಒಳಗೆ ಸಿಡಿ8 ಜಾಸ್ತಿ, ಕೆಳಗಿನ ಪದರದಲ್ಲಿ ಸಿಡಿ4 ಜಾಸ್ತಿ. ಯಾವ ಕಣ ಅನ್ನುವುದರ ಜೊತೆಗೆ ಎಲ್ಲಿ ಕೂತಿದೆ ಅನ್ನುವುದೂ ಮುಖ್ಯ. ಡಾಕ್ಟರು ಅರ್ಧ ಗಂಟೆ ಮೈಕ್ರೋಸ್ಕೋಪಿನಲ್ಲಿ ನೋಡುವುದು ಅದನ್ನೇ.

ಗವಿಪುರದ ಮಗಳು (ಮಂಗಳವಾರ, ಬೆಳಗ್ಗೆ 7:05)

ಓದಿ ಹೇಳಿದೆ. ಅಮ್ಮ ಎರಡು ಸಲ ಓದಿಸಿಕೊಂಡರು. ಈಗ ಅಡುಗೆಮನೆಯಲ್ಲಿದ್ದಾರೆ, ಲೋಟ ಮಾಮೂಲಿ ಸ್ಟ್ಯಾಂಡಿಗೆ ಬಂದಿದೆ. ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಬೆಳಗಿನ ಬಿಗಿತ (ಮಂಗಳವಾರ, ಬೆಳಗ್ಗೆ 8:20)

ತಂಗಿ, ನನಗೆ ರುಮಟಾಯ್ಡ್ ಆರ್ಥರೈಟಿಸ್ ಬಂದು ಹನ್ನೊಂದು ವರ್ಷ. ನಿನ್ನ ಬರಹದಲ್ಲಿ ನನಗೆ ಎದ್ದು ಕಂಡದ್ದು ಸಿಡಿ4 ಅಲ್ಲ, ಆ ಬೆರಳು. ಒಂದು ಬೆರಳು ಪೂರ್ತಿ ಊದುವುದು ನನ್ನ ಥರದ ಆರ್ಥರೈಟಿಸ್ ಅಲ್ಲ. ನಮಗೆ ಬುಡದ ಗೆಣ್ಣು, ನಡು ಗೆಣ್ಣು, ಮಣಿಕಟ್ಟು ಊದುತ್ತವೆ, ಅದೂ ಎರಡೂ ಕೈಯಲ್ಲಿ. ಬೆರಳಿಗೆ ಬೆರಳೇ ಊದುವುದು ಸೋರಿಯಾಸಿಸ್ ಜೊತೆಗೆ ಬರುವ ಆರ್ಥರೈಟಿಸ್‌ನಲ್ಲಿ. ನನ್ನ ಜೊತೆ ವಾರ್ಡಿನಲ್ಲಿದ್ದ ಒಬ್ಬರಿಗೆ ಹಾಗೇ ಇತ್ತು.

ಅಮ್ಮನ ಉಗುರು ನೋಡು. ಸೂಜಿಯಲ್ಲಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಗುಂಡಿ ಇದೆಯಾ? ಉಗುರು ತುದಿಯಿಂದ ಎದ್ದು ಹಳದಿಯಾಗಿದೆಯಾ? ಹಿಮ್ಮಡಿ ನೋವು ಇದೆಯಾ? ಬೆಳಗ್ಗೆ ಎದ್ದ ಮೇಲೆ ಕೈ ಸಡಿಲ ಆಗಲು ಎಷ್ಟು ಹೊತ್ತು ಬೇಕು? ಇದನ್ನೆಲ್ಲ ಬರೆದುಕೊಂಡು ಹೋಗು. ಡಾಕ್ಟರ ಎದುರು ಕೂತಾಗ ಏನೂ ನೆನಪಾಗುವುದಿಲ್ಲ.

ಗವಿಪುರದ ಮಗಳು (ಮಂಗಳವಾರ, ಬೆಳಗ್ಗೆ 8:55)

ಅಕ್ಕ, ಈಗ ಅಮ್ಮನ ಕೈ ಬೆಳಕಿಗೆ ಹಿಡಿದು ನೋಡಿದೆ. ಊದಿದ ಬೆರಳಿನ ಉಗುರಿನಲ್ಲಿ ಗುಂಡಿಗಳಿವೆ, ಒಂಬತ್ತು ಎಣಿಸಿದೆ. ಪಕ್ಕದ ಬೆರಳಿನಲ್ಲೂ ಇವೆ. ವರ್ಷಗಟ್ಟಲೆ ಗೋರಂಟಿ ಹಚ್ಚಿದ ಕೈ, ಯಾರೂ ಗಮನಿಸಿಲ್ಲ. ಹಿಮ್ಮಡಿ ನೋವು ಇದೆಯಂತೆ, ಹೇಳಿಯೇ ಇಲ್ಲ. ಬೆಳಗ್ಗೆ ಬಿಗಿತ ಎಷ್ಟು ಹೊತ್ತು ಅಂದರೆ ‘ಡಿಕಾಕ್ಷನ್ ಇಳಿಯುವಾಗ ಇರುತ್ತೆ, ತಿಂಡಿ ಮುಗಿದ ಮೇಲೆ ಬಿಡುತ್ತೆ’ ಅಂದರು. ಒಂದೂವರೆ ಗಂಟೆ ಆಯಿತು.

ರಾಜಾಜಿನಗರ ನಿವೃತ್ತ (ಮಂಗಳವಾರ, ಬೆಳಗ್ಗೆ 9:30)

ಮಗಳೇ, ವಾತಕ್ಕೆ ಬದನೆಕಾಯಿ, ಆಲೂಗಡ್ಡೆ ಬಿಡಿಸಿ. ಮಹಾನಾರಾಯಣ ತೈಲ ಬೆಚ್ಚಗೆ ಮಾಡಿ ತಿಕ್ಕಿ. ನನ್ನ ಮಂಡಿಗೆ ಅದರಿಂದ ತುಂಬಾ ಹಿತವಾಯಿತು. ಇಂಗ್ಲಿಷ್ ಮಾತ್ರೆಗಳಿಂದ ಲಿವರ್ ಹೋಗುತ್ತದೆ ಅಂತಾರೆ, ಹುಷಾರು.

ಬೆಳಗಿನ ಬಿಗಿತ (ಮಂಗಳವಾರ, ಬೆಳಗ್ಗೆ 9:48)

ಅಂಕಲ್, ಬೆಚ್ಚಗಿನ ಎಣ್ಣೆಯಿಂದ ನನಗೂ ಹಿತ ಆಗುತ್ತದೆ, ಹಚ್ಚುತ್ತೇನೆ ಕೂಡ. ಆದರೆ ನಿಮ್ಮದು ಸವೆದ ಮಂಡಿ, ಇವರ ಅಮ್ಮನದು ಒಳಗೆ ಉರಿಯುತ್ತಿರುವ ಕೀಲು. ಉರಿ ಆರಿಸದಿದ್ದರೆ ಮೂಳೆಯನ್ನು ತಿನ್ನುತ್ತದೆ, ತಿಂದ ಮೂಳೆ ವಾಪಸ್ ಬರುವುದಿಲ್ಲ. ನಾನು ಮೊದಲ ಎರಡು ವರ್ಷ ಬರೀ ಎಣ್ಣೆ, ಪಥ್ಯ ಅಂತ ಕಳೆದೆ. ನನ್ನ ಎಡ ಮಣಿಕಟ್ಟು ಈಗ ಮಡಚುವುದಿಲ್ಲ. ಲಿವರ್ ಬಗ್ಗೆ ನೀವು ಹೇಳಿದ್ದು ಸರಿ, ಅದಕ್ಕೇ ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಾರೆ.

ರಾಜಾಜಿನಗರ ನಿವೃತ್ತ (ಮಂಗಳವಾರ, ಬೆಳಗ್ಗೆ 10:10)

ಸರಿ ತಾಯಿ. ಅನುಭವಿಸಿದವರ ಮಾತು ದೊಡ್ಡದು. ಆದರೆ ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂದಿದೆ ಅಂತಾರಲ್ಲ, ಆಮೇಲೂ ಆರ್ಥರೈಟಿಸ್ ಹೇಗೆ?

ಟಿ ಕಣ (ಮಂಗಳವಾರ, ಮಧ್ಯಾಹ್ನ 1:25)

ಸರ್, ಈ ಪ್ರಶ್ನೆಗೆ ಉತ್ತರ ಕೊಡಲೇಬೇಕು ಅನ್ನಿಸಿತು. ನಾನು ಇಲ್ಲೇ ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ವಿಷಯ ಟಿ ಕಣಗಳು, ಅಂದರೆ ಬಿಳಿ ರಕ್ತಕಣಗಳಲ್ಲಿ ಒಂದು ಬಗೆ. ಡಾಕ್ಟರ್ ಅಲ್ಲ, ಚಿಕಿತ್ಸೆ ಹೇಳುವುದಿಲ್ಲ.

ಸೋರಿಯಾಟಿಕ್ ಆರ್ಥರೈಟಿಸ್‌ನಲ್ಲಿ ಆರ್‌ಎ ಫ್ಯಾಕ್ಟರ್ ಸಾಮಾನ್ಯವಾಗಿ ನೆಗೆಟಿವ್ವೇ ಇರುತ್ತದೆ. 2006ರಲ್ಲಿ ಬಂದ ಕ್ಯಾಸ್ಪರ್ ಅನ್ನುವ ಅಂಕಪಟ್ಟಿ ಇದೆ. ಕೀಲಿನಲ್ಲಿ ಉರಿಯೂತ ಇದ್ದು ಮೂರು ಅಂಕ ಬಂದರೆ ಈ ರೋಗ ಅಂತ ಗುರುತಿಸುತ್ತಾರೆ. ಈಗ ಸೋರಿಯಾಸಿಸ್ ಇದ್ದರೆ ಎರಡು ಅಂಕ. ಉಗುರಿನ ಗುಂಡಿಗೆ ಒಂದು. ಪೂರ್ತಿ ಊದಿದ ಬೆರಳಿಗೆ ಒಂದು. ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂದರೆ ಅದಕ್ಕೂ ಒಂದು. ‘ವಾತ ಇಲ್ಲ’ ಅಂತ ಅಮ್ಮನನ್ನು ಮನೆಗೆ ಕಳಿಸಿದ ಆ ನೆಗೆಟಿವ್ ಚೀಟಿಯೇ ಇಲ್ಲಿ ಒಂದು ಅಂಕ ತಂದುಕೊಡುತ್ತದೆ. ಆ ಆರು ತಿಂಗಳ ಬಗ್ಗೆ ಓದಿ ನನಗೆ ನಿಜಕ್ಕೂ ಸಂಕಟ ಆಯಿತು.

ಇನ್ನು ಮೇಡಂ ಕೇಳಿದ ಮೂಲ ಪ್ರಶ್ನೆ. ಚರ್ಮಕ್ಕೂ ಕೀಲಿಗೂ ಏನು ಸಂಬಂಧ?

ಮೆಜೆಸ್ಟಿಕ್‌ನಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಬಸ್ಸುಗಳೆಲ್ಲ ದೂರದಿಂದ ಒಂದೇ ಥರ. ನೀವು ನೋಡುವುದು ಬೋರ್ಡು. 335ಇ ಅಂತ ಇದ್ದರೆ ಕಾಡುಗೋಡಿ ಕಡೆ ಹೋಗುತ್ತದೆ ಅಂತ ಗೊತ್ತು. ಬಿಳಿ ರಕ್ತಕಣವೂ ಮೈಕ್ರೋಸ್ಕೋಪಿನಲ್ಲಿ ಒಂದೇ ಥರದ ನೀಲಿ ಚುಕ್ಕೆ. ಅದರ ಮೇಲಿನ ಬೋರ್ಡುಗಳೇ ಸಿಡಿ ನಂಬರುಗಳು. ಒಂದೊಂದು ಲ್ಯಾಬು ಒಂದೊಂದು ಹೆಸರಿಟ್ಟು ಗೊಂದಲ ಆಗಿತ್ತು, 1982ರಲ್ಲಿ ಪ್ಯಾರಿಸ್‌ನಲ್ಲಿ ಎಲ್ಲರೂ ಸೇರಿ ನಂಬರ್ ಹಾಕಲು ಶುರು ಮಾಡಿದರು. ಸಿಡಿ3 ಇದ್ದರೆ ಅದು ಟಿ ಕಣ. ಜೊತೆಗೆ ಸಿಡಿ4 ಇದ್ದರೆ ಬೇರೆ ಕಣಗಳಿಗೆ ದಾರಿ ತೋರಿಸುವ ಕಣ. ಸಿಡಿ8 ಇದ್ದರೆ ನೇರವಾಗಿ ಹೊಡೆಯುವ ಕಣ. ಸಿಡಿ20 ಬಿ ಕಣ ಅನ್ನುವ ಇನ್ನೊಂದು ಬಗೆಯ ಬಿಳಿ ರಕ್ತಕಣದ್ದು, ಸಿಡಿ68 ಕಸ ನುಂಗುವ ಮ್ಯಾಕ್ರೋಫೇಜ್‌ನದ್ದು.

ಎಲ್ಲಿಗೆ ಹೋಗಬೇಕು ಅನ್ನುವ ಬೋರ್ಡೂ ಇದೆ. ಸಿಎಲ್‌ಎ ಅನ್ನುವುದು ಚರ್ಮದ ಬೋರ್ಡು. ಚರ್ಮ ಉರಿಯುವಾಗ ಅಲ್ಲಿನ ರಕ್ತನಾಳದ ಒಳಗೋಡೆಯಲ್ಲಿ ಇ-ಸೆಲೆಕ್ಟಿನ್ ಎಂಬ ಕೊಕ್ಕೆ ಮೂಡುತ್ತದೆ. ಸಿಎಲ್‌ಎ ಇರುವ ಕಣ ಅದಕ್ಕೆ ಸಿಕ್ಕಿಕೊಂಡು ಒಳಗೆ ಇಳಿಯುತ್ತದೆ. ಈ ರೋಗಿಗಳ ಚರ್ಮ ಮತ್ತು ಕೀಲಿನ ಒಳಪೊರೆ ಎರಡನ್ನೂ ಹೋಲಿಸಿ ನೋಡಿದ ಒಂದು ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಚರ್ಮದಲ್ಲಿ ಸಿಎಲ್‌ಎ ಕಣ ತುಂಬಿದ್ದವು. ಅದೇ ರೋಗಿಯ ಕೀಲಿನಲ್ಲಿ ತೀರಾ ಕಡಿಮೆ. ಚರ್ಮದ ರೋಗ ಇಳಿದು ಕೀಲಿಗೆ ಬಂತು ಅಂತ ಜನ ಹೇಳುವುದು ಅಷ್ಟು ಸರಿಯಲ್ಲ ಅಂತ ಇದರಿಂದ ಗೊತ್ತಾಗುತ್ತದೆ. ಕೀಲಿಗೆ ಬರುವ ಕಣಗಳ ಬೋರ್ಡು ಬೇರೆ. ಈ ಆರ್ಥರೈಟಿಸ್‌ನ ಕೀಲಿನ ನೀರಿನಲ್ಲಿ ಸಿಎಕ್ಸ್‌ಸಿಆರ್3 ಎಂಬ ಬೋರ್ಡಿನ ಸಿಡಿ8 ಕಣಗಳು ಗುಂಪು ಕಟ್ಟಿಕೊಂಡು ಬೆಳೆದಿರುವುದನ್ನು 2020ರಲ್ಲಿ ತೋರಿಸಿದ್ದಾರೆ.

ಆದರೆ ಎರಡೂ ಕಡೆ ಕಣಗಳು ಚೆಲ್ಲುವ, ಉರಿ ಏರಿಸುವ ರಸ ಒಂದೇ ಥರ: ಐಎಲ್-17, ಟಿಎನ್‌ಎಫ್. ಐಎಲ್-17 ಮಾಡುವ ಸಿಡಿ8 ಕಣಗಳು ಸೋರಿಯಾಟಿಕ್ ಆರ್ಥರೈಟಿಸ್‌ನ ಕೀಲಿನ ನೀರಿನಲ್ಲಿ ಜಾಸ್ತಿ, ರುಮಟಾಯ್ಡ್‌ನಲ್ಲಿ ಹಾಗೆ ಜಾಸ್ತಿ ಇರುವುದಿಲ್ಲ. ಹೆಚ್ಚಿನವರಿಗೆ ಚರ್ಮ ಮೊದಲು, ಕೀಲು ಆಮೇಲೆ. ನಡುವೆ ಹತ್ತು ವರ್ಷ ಆಗುವುದೂ ಸಾಮಾನ್ಯ. ನಿಮ್ಮ ಅಮ್ಮನದು ಹನ್ನೆರಡು.

ಉಗುರಿನ ಬಗ್ಗೆ ಒಂದು ಮಾತು. ಬೆರಳ ತುದಿಯ ಗೆಣ್ಣನ್ನು ನೇರ ಮಾಡುವ ಒಂದು ಹುರಿ ಇದೆ. ಅದು ಮೂಳೆಗೆ ಅಂಟಿ ಅಲ್ಲಿಗೇ ನಿಲ್ಲುವುದಿಲ್ಲ, ಎಳೆಗಳು ಉಗುರಿನ ಬುಡದವರೆಗೂ ಹೋಗುತ್ತವೆ. ಆ ಹುರಿಯ ಬೇರು ಉರಿದರೆ ಉಗುರಿಗೂ ತಾಗುತ್ತದೆ. ಹಿಮ್ಮಡಿ ನೋವೂ ಇದೇ ಕಥೆ, ಅಲ್ಲಿ ಹುರಿ ದೊಡ್ಡದು ಅಷ್ಟೇ. ಉಗುರು, ಬೆರಳು, ಹಿಮ್ಮಡಿ ಮೂರನ್ನೂ ಗುರುವಾರ ಒಟ್ಟಿಗೆ ತೋರಿಸಿ.

ಪೀಣ್ಯ ಶಿಫ್ಟ್ (ಮಂಗಳವಾರ, ಸಂಜೆ 6:40)

ಇದನ್ನು ಊಟದ ಬಿಡುವಿನಲ್ಲಿ ಓದಿದೆ. ನನಗೆ ಕಾಲಿನ ಹೆಬ್ಬೆರಳು ಊದಿದಾಗ ಯೂರಿಕ್ ಆಸಿಡ್ ಜಾಸ್ತಿ ಇದೆ, ಗೌಟ್ ಅಂದಿದ್ದರು. ಎರಡು ವರ್ಷ ಅದರ ಮಾತ್ರೆ ನುಂಗಿದೆ. ಆಮೇಲೆ ಒಬ್ಬ ಡಾಕ್ಟರು ಶೂ ಬಿಚ್ಚಿಸಿ, ಸಾಕ್ಸ್ ಬಿಚ್ಚಿಸಿ ಅಂಗಾಲಿನ ಹೊಟ್ಟು ನೋಡಿದರು. ಸೋರಿಯಾಸಿಸ್‌ನಲ್ಲಿ ಚರ್ಮದ ಕಣ ಬೇಗ ಬೇಗ ಹುಟ್ಟಿ ಸಾಯುವುದರಿಂದ ಯೂರಿಕ್ ಆಸಿಡ್ ಏರಬಹುದಂತೆ. ಕೀಲಿನ ನೀರು ತೆಗೆದು ನೋಡಿದರು, ಗೌಟ್‌ನಲ್ಲಿ ಸಿಗುವ ಯೂರಿಕ್ ಆಸಿಡ್ ಹರಳು ಇರಲಿಲ್ಲ. ನನ್ನದೂ ಸೋರಿಯಾಟಿಕ್ ಆರ್ಥರೈಟಿಸ್ಸೇ ಅಂದರು.

ನನ್ನ ಪ್ರಶ್ನೆ: ಈ ಸಿಡಿ ಟೆಸ್ಟನ್ನು ಮೊದಲೇ ಮಾಡಿಸಿದ್ದರೆ ನನ್ನ ಎರಡು ವರ್ಷ ಉಳಿಯುತ್ತಿತ್ತಾ? ಈಗ ಕೀಲಿನದು ಮಾಡಿಸಿದರೆ ಯಾವ ಔಷಧಿ ನನಗೆ ಹಿಡಿಸುತ್ತದೆ ಅಂತ ಗೊತ್ತಾಗುತ್ತದಾ?

ಟಿ ಕಣ (ಮಂಗಳವಾರ, ರಾತ್ರಿ 9:10)

ಸರ್, ಈ ಟೆಸ್ಟಿಗೆ ನೀವಾಗಿ ದುಡ್ಡು ಕಟ್ಟಬೇಡಿ. ನಿಮ್ಮ ಎರಡು ವರ್ಷ ಉಳಿಸುತ್ತಿದ್ದದ್ದು ಸಾಕ್ಸ್ ಬಿಚ್ಚಿಸಿ ನೋಡುವ ಕಣ್ಣು. ಸಿಡಿ8 ಕಂಡಿತು ಅಂದ ಮಾತ್ರಕ್ಕೆ ಇದೇ ರೋಗ ಅನ್ನಲು ಬರುವುದಿಲ್ಲ, ಎಷ್ಟೋ ಉರಿಯೂತಗಳಲ್ಲಿ ಅದು ಇರುತ್ತದೆ.

ಔಷಧಿ ಆರಿಸುವ ವಿಷಯಕ್ಕೆ ಬಂದರೆ, ರುಮಟಾಯ್ಡ್‌ನಲ್ಲಿ ದಾರಿ ಸ್ವಲ್ಪ ತೆರೆದಿದೆ. ಆರ್4ಆರ್‌ಎ ಅಂತ ಒಂದು ಪ್ರಯೋಗ, 2021ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಯೂರೋಪಿನ ಐದು ದೇಶಗಳ 164 ರೋಗಿಗಳ ಕೀಲಿನಿಂದ ಸೂಜಿಯಲ್ಲಿ ಒಳಪೊರೆಯ ಚೂರು ತೆಗೆದು, ಬಿ ಕಣ ಇದೆಯಾ ಇಲ್ಲವಾ ನೋಡಿದರು. ಆಮೇಲೆ ಕೆಲವರಿಗೆ ಬಿ ಕಣ ಕೊಲ್ಲುವ ರಿಟುಕ್ಸಿಮ್ಯಾಬ್, ಕೆಲವರಿಗೆ ಬೇರೆ ದಾರಿಯಲ್ಲಿ ಉರಿ ಆರಿಸುವ ಟೋಸಿಲಿಜುಮ್ಯಾಬ್ ಕೊಟ್ಟರು. ಬರೀ ಬಣ್ಣ ಹಾಕಿ ವಿಂಗಡಿಸಿದಾಗ ಎರಡು ಔಷಧಿಯ ನಡುವೆ ಖಚಿತ ವ್ಯತ್ಯಾಸ ಸಿಗಲಿಲ್ಲ. ಚೂರಿನಲ್ಲಿ ಯಾವ ಜೀನ್‌ಗಳು ಕೆಲಸ ಮಾಡುತ್ತಿವೆ ಅಂತ ತೋರಿಸುವ ಆರ್‌ಎನ್‌ಎ ಓದಿ ವಿಂಗಡಿಸಿದಾಗ, ಬಿ ಕಣ ಕಡಿಮೆ ಇದ್ದವರಲ್ಲಿ ಟೋಸಿಲಿಜುಮ್ಯಾಬ್ 63% ಜನರಿಗೆ ಹಿಡಿಸಿತು, ರಿಟುಕ್ಸಿಮ್ಯಾಬ್ 36% ಜನರಿಗೆ. ಹುಡುಕುವ ಕಣವೇ ಇಲ್ಲದ ಕಡೆ ಅದನ್ನು ಕೊಲ್ಲುವ ಔಷಧಿ ಹಾಕಿ ಏನು ಪ್ರಯೋಜನ, ಅಲ್ವಾ? ಈ ಕೆಲಸ ನನಗೆ ತುಂಬಾ ಇಷ್ಟ. ಆದರೆ ಇದು ರುಮಟಾಯ್ಡ್ ಮಾತು. ನಿಮ್ಮ ರೋಗಕ್ಕೆ ಹೀಗೆ ಚೂರು ನೋಡಿ ಔಷಧಿ ಬರೆಯುವ ಪದ್ಧತಿ ಆಸ್ಪತ್ರೆಗಳಲ್ಲಿ ಇನ್ನೂ ಬಂದಿಲ್ಲ.

ಇನ್ನೊಂದು ಗುರುತು ಸಿಡಿ68. ಕೀಲಿನ ಒಳಪೊರೆಯ ಕೆಳಪದರದಲ್ಲಿ ಸಿಡಿ68 ಇರುವ ಮ್ಯಾಕ್ರೋಫೇಜ್ ಕಡಿಮೆಯಾದರೆ ಔಷಧಿ ನಿಜವಾಗಿ ಕೆಲಸ ಮಾಡುತ್ತಿದೆ ಅಂತ ಅರ್ಥ. ಔಷಧಿ ಪರೀಕ್ಷಿಸುವವರು ಇದನ್ನು ಬಳಸುತ್ತಾರೆ.

ಬೆಳಗಿನ ಬಿಗಿತ (ಮಂಗಳವಾರ, ರಾತ್ರಿ 9:45)

ರಿಟುಕ್ಸಿಮ್ಯಾಬ್ ನಾನು ತೆಗೆದುಕೊಂಡಿದ್ದೇನೆ! ಎರಡು ವಾರದ ಅಂತರದಲ್ಲಿ ಎರಡು ಡ್ರಿಪ್. ಆಮೇಲೆ ರಕ್ತದಲ್ಲಿ ಸಿಡಿ19 ನೋಡಿದರು. ಔಷಧಿ ಹೊಡೆಯುವುದು ಸಿಡಿ20ಯನ್ನು, ನೋಡುವುದು ಮಾತ್ರ ಸಿಡಿ19 ಯಾಕೆ ಅಂತ ಆವತ್ತಿನಿಂದ ತಲೆಯಲ್ಲಿದೆ.

ಟಿ ಕಣ (ಮಂಗಳವಾರ, ರಾತ್ರಿ 10:00)

ಅಕ್ಕ, ಔಷಧಿ ಹೋಗಿ ಸಿಡಿ20 ಬೋರ್ಡಿನ ಮೇಲೇ ಕೂತುಬಿಡುತ್ತದೆ. ಬೋರ್ಡು ಮುಚ್ಚಿದ ಮೇಲೆ ಕಣ ಉಳಿದಿದ್ದರೂ ಟೆಸ್ಟಿಗೆ ಕಾಣುವುದಿಲ್ಲ. ಸಿಡಿ19 ಅದೇ ಬಿ ಕಣದ ಇನ್ನೊಂದು ಬೋರ್ಡು, ಅದನ್ನು ಔಷಧಿ ಮುಟ್ಟುವುದಿಲ್ಲ.

ಬೆಳಗಿನ ಬಿಗಿತ (ಮಂಗಳವಾರ, ರಾತ್ರಿ 10:04)

ನಾಲ್ಕು ವರ್ಷದ ಪ್ರಶ್ನೆ. ಇವತ್ತು ನೆಮ್ಮದಿಯಾಗಿ ಮಲಗುತ್ತೇನೆ.

ಜಿಗಣಿ ದಾರಿ (ಬುಧವಾರ, ಬೆಳಗ್ಗೆ 6:30)

ಸಿಡಿ ನಂಬರಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಇದರಲ್ಲಿ ನಮ್ಮ ಬೆಂಗಳೂರಿನದೂ ಒಂದು ಪಾಲು ಇದೆ. ಟಿ ಕಣದ ಮೇಲೆ ಸಿಡಿ6 ಅಂತ ಒಂದು ಗುರುತು. ಅದನ್ನು ಹಿಡಿಯುವ ಇಟೋಲಿಜುಮ್ಯಾಬ್ ಎಂಬ ಔಷಧಿಯನ್ನು ಇಲ್ಲಿನ ಬಯೋಕಾನ್ ಕಂಪನಿ ಕ್ಯೂಬಾದ ವಿಜ್ಞಾನಿಗಳ ಜೊತೆ ಸೇರಿ ತಯಾರಿಸಿ, 2013ರಲ್ಲಿ ಚರ್ಮದ ಸೋರಿಯಾಸಿಸ್‌ಗೆ ಅಂತ ಬಿಡುಗಡೆ ಮಾಡಿತು. ನಾನು ಅದನ್ನು ತೆಗೆದುಕೊಂಡವನು. ನನ್ನ ಬೆನ್ನಿನ ಮಚ್ಚೆ ನಿಧಾನಕ್ಕೆ ತಿಳಿಯಾಯಿತು. ಕೋವಿಡ್ ಸಮಯದಲ್ಲಿ, 2020ರ ಜುಲೈನಲ್ಲಿ, ಅದೇ ಔಷಧಿಗೆ ತುರ್ತು ಬಳಕೆಯ ಅನುಮತಿ ಸಿಕ್ಕಿದಾಗ ಪೇಪರಿನಲ್ಲಿ ಓದಿ ಮನೆಯವರಿಗೆಲ್ಲ ತೋರಿಸಿದ್ದೆ. ಕೀಲಿಗೂ ಅದರಿಂದ ಲಾಭ ಇದೆಯಾ?

ಟಿ ಕಣ (ಬುಧವಾರ, ಬೆಳಗ್ಗೆ 8:15)

ಅನುಮತಿ ಸಿಕ್ಕಿದ್ದು ಚರ್ಮಕ್ಕೆ. ಆದರೆ ಸಿಡಿ6ಗೂ ಕೀಲಿಗೂ ನಂಟು ಇರುವುದು ನಿಜ. ಸಿಡಿ6 ಹೋಗಿ ಹಿಡಿದುಕೊಳ್ಳುವ ಸಿಡಿ318 ಎಂಬ ಇನ್ನೊಂದು ಗುರುತು 2017ರಲ್ಲಿ ಸಿಕ್ಕಿತು. ಅದು ರುಮಟಾಯ್ಡ್ ಕೀಲಿನ ಒಳಪೊರೆಯ ಕಣಗಳ ಮೇಲೆ ಇದೆ. ಟಿ ಕಣ ಕೀಲಿಗೆ ಬಂದು ಯಾರ ಕೈ ಹಿಡಿದು ನಿಲ್ಲುತ್ತದೆ ಅನ್ನುವುದಕ್ಕೆ ಇದು ಒಂದು ಸುಳಿವು.

ಮಚ್ಚೆ ವಾಸಿಯಾದ ಜಾಗದಲ್ಲೇ ಮತ್ತೆ ಬರುತ್ತದೆ, ನೋಡಿದ್ದೀರಾ? ಮೊಣಕೈ ಅಂದರೆ ಅದೇ ಮೊಣಕೈ, ಅದೇ ಗೆರೆ. ಚರ್ಮ ಮೇಲೆ ತಿಳಿಯಾದರೂ ಸಿಡಿ69, ಸಿಡಿ103 ಎಂಬ ಗುರುತಿನ ಸಿಡಿ8 ಕಣಗಳು ಒಳಗೆ ಮನೆ ಮಾಡಿಕೊಂಡೇ ಇರುತ್ತವೆ. ರಕ್ತಕ್ಕೆ ವಾಪಸ್ ಹೋಗುವುದಿಲ್ಲ. ಔಷಧಿ ನಿಂತರೆ ಮೊದಲು ಏಳುವುದು ಅವೇ. ಕೀಲಿನ ನೀರಿನಲ್ಲೂ ಇಂಥ ಬೀಡುಬಿಟ್ಟ ಕಣಗಳ ಲಕ್ಷಣ ಇರುವ ಸಿಡಿ8 ಕಣ ಸಿಕ್ಕಿವೆ. ಮಚ್ಚೆ ಹೋಯಿತು ಅಂತ ನೀವಾಗಿ ಔಷಧಿ ನಿಲ್ಲಿಸಬೇಡಿ ಅಂತ ಡಾಕ್ಟರು ಹೇಳುವುದರ ಹಿಂದೆ ಈ ಕಣಗಳಿವೆ.

ಅಪ್ಪನ ಮಾತ್ರೆ ಡಬ್ಬಿ (ಬುಧವಾರ, ರಾತ್ರಿ 8:50)

ಗುರುವಾರ ಹೋಗುತ್ತೀರಲ್ಲ, ಉರಿ ಆರಿಸುವ ಮೆಥೊಟ್ರೆಕ್ಸೇಟ್ ಮಾತ್ರೆ ಬರೆದುಕೊಡಬಹುದು. ಒಳ್ಳೆಯ ಔಷಧಿ. ಆದರೆ ಅದು ವಾರಕ್ಕೆ ಒಂದೇ ದಿನ. ನಮ್ಮ ಅಪ್ಪನ ಸ್ಟ್ರಿಪ್ ಕವರಿನ ಮೇಲೆ ಒಂದು ಔಷಧಿ ಅಂಗಡಿಯಲ್ಲಿ ‘ದಿನಕ್ಕೆ ಒಂದು’ ಅಂತ ಬರೆದುಬಿಟ್ಟರು. ನಾವೂ ಚೀಟಿ ನೋಡಲಿಲ್ಲ. ಆರನೇ ದಿನ ಬಾಯಿ ತುಂಬಾ ಹುಣ್ಣು, ಮಜ್ಜಿಗೆ ಕೂಡ ಇಳಿಯಲಿಲ್ಲ. ಬಿಳಿ ರಕ್ತಕಣ ಪಾತಾಳಕ್ಕೆ ಹೋಗಿತ್ತು. ಒಂದು ವಾರ ಆಸ್ಪತ್ರೆ. ಅಪ್ಪ ಉಳಿದರು, ಅದು ನಮ್ಮ ಪುಣ್ಯ. ದಯವಿಟ್ಟು ವಾರದ ಹೆಸರು ಕನ್ನಡದಲ್ಲಿ ದೊಡ್ಡದಾಗಿ ಡಬ್ಬಿ ಮೇಲೆ ಬರೆಯಿರಿ.

ಗವಿಪುರದ ಮಗಳು (ಮೂರು ವಾರದ ನಂತರ, ಭಾನುವಾರ)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಗುರುವಾರ ಚರ್ಮದ ಡಾಕ್ಟರು ನಾವು ಬರೆದುಕೊಂಡು ಹೋದ ಕಾಗದ ಪೂರ್ತಿ ಓದಿದರು. ಅಲ್ಲಿಂದಲೇ ಕೀಲಿನ ರೋಗ ನೋಡುವ ರುಮಟಾಲಜಿ ಡಾಕ್ಟರಿಗೆ ಫೋನ್ ಮಾಡಿ ಶನಿವಾರಕ್ಕೆ ಸಮಯ ತೆಗೆಸಿಕೊಟ್ಟರು. ಆ ಡಾಕ್ಟರು ಅಮ್ಮನ ಕಿವಿ ಹಿಂದೆ, ತಲೆಯಲ್ಲಿ, ಹೊಕ್ಕಳಲ್ಲಿ ಟಾರ್ಚ್ ಹಾಕಿ ನೋಡಿದರು. ಹಿಮ್ಮಡಿ ಒತ್ತಿದಾಗ ಅಮ್ಮ ಕಾಲು ಎಳೆದುಕೊಂಡರು. ಕೈಯ ಎಕ್ಸ್‌ರೇ ಆಯಿತು. ಸೋರಿಯಾಟಿಕ್ ಆರ್ಥರೈಟಿಸ್ ಅಂತ ಖಚಿತವಾಯಿತು. ಬಲಗೈ ಬೆರಳಿನ ತುದಿ ಗೆಣ್ಣಿನಲ್ಲಿ ಮೂಳೆ ಒಂದು ಚೂರು ತಿಂದಿದೆ. ಆರು ತಿಂಗಳು ಮೊದಲೇ ಬಂದಿದ್ದರೆ ಅಂತ ನನಗೆ ಹೊಟ್ಟೆ ಉರಿಯುತ್ತದೆ.

ಔಷಧಿಗೆ ಮುಂಚೆ ಹೆಪಟೈಟಿಸ್, ಟಿಬಿ, ಎಚ್‌ಐವಿ ಮೂರೂ ನೋಡಿದರು. ಎಚ್‌ಐವಿ ಟೆಸ್ಟಿನ ಒಪ್ಪಿಗೆ ಪತ್ರಕ್ಕೆ ಅಮ್ಮ ತಾವೇ ಸಹಿ ಮಾಡಿದರು, ಕೈ ನಡುಗಲಿಲ್ಲ. ಮೂರೂ ನೆಗೆಟಿವ್. ಟಿಬಿ ಯಾಕೆ ಅಂತ ಕೇಳಿದೆ. ನಮ್ಮಲ್ಲಿ ಎಷ್ಟೋ ಜನರ ಶ್ವಾಸಕೋಶದಲ್ಲಿ ಟಿಬಿ ಮಲಗಿರುತ್ತದಂತೆ, ದೇಹ ಅದರ ಸುತ್ತ ಗೋಡೆ ಕಟ್ಟಿರುತ್ತದೆ. ಆ ಗೋಡೆ ನಿಲ್ಲಲು ಟಿಎನ್‌ಎಫ್ ಬೇಕು. ಮುಂದೆ ಟಿಎನ್‌ಎಫ್ ತಡೆಯುವ ಇಂಜೆಕ್ಷನ್ ಬೇಕಾದರೆ ಗೋಡೆ ಕುಸಿದು ಟಿಬಿ ಎದ್ದುಬಿಡಬಹುದು.

ಈಗ ಮೆಥೊಟ್ರೆಕ್ಸೇಟ್, ಶನಿವಾರ ಮಾತ್ರ. ಡಬ್ಬಿ ಮೇಲೆ ‘ಶನಿವಾರ’ ಅಂತ ಅಮ್ಮನೇ ಬರೆದರು. ಮೂರು ತಿಂಗಳ ನಂತರ ಮತ್ತೆ ನೋಡುತ್ತಾರೆ. ಬೆರಳು ಇನ್ನೂ ಊದಿದೆ. ಬಿಗಿತ ಮಾತ್ರ ತಿಂಡಿಗೆ ಮುಂಚೆಯೇ ಬಿಡುತ್ತಿದೆ.

ಅಮ್ಮ ಒಂದು ಪ್ರಶ್ನೆ ಕೇಳಬೇಕಂತೆ, ಫೋನ್ ಅವರಿಗೆ ಕೊಡುತ್ತೇನೆ.

ನಮಸ್ಕಾರ. ನಾನು ಇವಳ ಅಮ್ಮ. ಮೇಣದಲ್ಲಿ ಕೂರಿಸಿದ ನನ್ನ ಚರ್ಮದ ಚೂರು ಇನ್ನೂ ಇದೆಯಾ? ಓದುವ ಮಕ್ಕಳಿಗೆ ಉಪಯೋಗ ಆಗುವುದಾದರೆ ಕೊಡಬಹುದಾ?

ಮೇಣದ ಬ್ಲಾಕ್ (ಭಾನುವಾರ, ಸಂಜೆ 5:20)

ಅಮ್ಮಾ, ಇರುತ್ತದೆ. ಬ್ಲಾಕುಗಳನ್ನು ವರ್ಷಗಟ್ಟಲೆ ಜೋಪಾನವಾಗಿ ಇಡುತ್ತೇವೆ. ರಿಪೋರ್ಟಿನ ಮೇಲಿನ ನಂಬರು ಹೇಳಿದರೆ ಹುಡುಕಿಕೊಡುತ್ತಾರೆ.

ಟಿ ಕಣ (ಭಾನುವಾರ, ಸಂಜೆ 6:05)

ಅಮ್ಮಾ, ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ಕೊಡಬಹುದು. ನಿಮ್ಮ ಡಾಕ್ಟರ ಹತ್ತಿರ ಇಂಥ ಅಧ್ಯಯನ ಎಲ್ಲಿ ನಡೆಯುತ್ತಿದೆ ಅಂತ ಕೇಳಿ. ಅಲ್ಲಿ ನೈತಿಕ ಸಮಿತಿಯ ಒಪ್ಪಿಗೆ ಇರಬೇಕು, ನಿಮ್ಮ ಸಹಿಯೂ ಬೇಕು. ನಿಮ್ಮ ಹೆಸರು ಹೊರಗೆ ಬರುವುದಿಲ್ಲ. ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಅದರಿಂದ ನಿಮ್ಮ ಚಿಕಿತ್ಸೆಗೆ ಏನೂ ತೊಂದರೆ ಇಲ್ಲ.

ಗವಿಪುರದ ಮಗಳು (ಭಾನುವಾರ, ಸಂಜೆ 6:20)

‘ಫಾರಂ ಕನ್ನಡದಲ್ಲಿ ಇರುತ್ತಾ?’ ಅಂತ ಕೇಳುತ್ತಿದ್ದಾರೆ.

ಟಿ ಕಣ (ಭಾನುವಾರ, ಸಂಜೆ 6:22)

ಇರಬೇಕು ಅಮ್ಮಾ. ಸಹಿ ಮಾಡುವವರಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನಿಯಮ ಇದೆ. ಇಂಗ್ಲಿಷಿನದು ಕೊಟ್ಟರೆ ಕನ್ನಡದ್ದು ಕೇಳಿ ತೆಗೆದುಕೊಳ್ಳಿ.